ತೊಂದರೆ, ಕಾರಣ, ಪರಿಹಾರ

ತಪ್ಪೆಲ್ಲ ಒಂದು ಗುಂಡಿಯದು. "ಹೊಸ ಅಪ್‌ಡೇಟ್ ಬಂದಿದೆ. ಈಗಲೇ ಹಾಕಲೇ, ನಾಳೆ ನೆನಪಿಸಲೇ?" ಎಂದು ಕಂಪ್ಯೂಟರ್ ಕೇಳಿದಾಗಲೆಲ್ಲ ತಪ್ಪದೆ "ನಾಳೆ" ಒತ್ತುತ್ತಿದ್ದ ಕೈಪಿಡಿಯವರು ಆ ಬುಧವಾರ ಬೆಳಿಗ್ಗೆ "ಈಗಲೇ" ಒತ್ತಿಬಿಟ್ಟರು. ಅದಕ್ಕೆ ಕಾರಣವೂ ಇತ್ತು. ಕಳೆದ ನಾಲ್ಕು ದಿನಗಳಲ್ಲಿ ಅವರನ್ನು ಏನಾದರೂ ಕೇಳಿದ್ದು ಆ ಕಂಪ್ಯೂಟರ್ ಒಂದೇ. ಅದಕ್ಕೂ ದಿನಾ "ನಾಳೆ ಬಾ" ಎನ್ನುವುದು ಅವರಿಗೇ ಸರಿಕಾಣಲಿಲ್ಲ.

ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಗೀಸರುಗಳ ಡಬ್ಬದೊಳಗೆ ಒಂದು ಸಣ್ಣ ಪುಸ್ತಕ ಇರುತ್ತದಲ್ಲ, ಯಾರೂ ಓದದೆ ಡಬ್ಬದ ಸಮೇತ ಅಟ್ಟಕ್ಕೆ ಎಸೆಯುವಂಥದ್ದು, ಅದನ್ನು ಬರೆಯುವುದು ಅವರ ಕೆಲಸ. ಹಾಗಾಗಿ ಕಟ್ಟಡದವರಿಗೆಲ್ಲ ಅವರು ಕೈಪಿಡಿಯವರು. ಪ್ರತಿ ಪುಸ್ತಕದ ಕೊನೆಯ ಪುಟದಲ್ಲೂ ಒಂದು ಪಟ್ಟಿ: ತೊಂದರೆ, ಕಾರಣ, ಪರಿಹಾರ. ಮೂವತ್ತೊಂದು ವರ್ಷ ಬರೆದು ಬರೆದು ಅದು ನಾಲಿಗೆಗೂ ಅಂಟಿಕೊಂಡಿತ್ತು. ಮೆಟ್ಟಿಲ ಮೇಲೆ ಸಿಕ್ಕಿದವರು "ಯಾಕೋ ಸೊಂಟ ನೋವು" ಎಂದರೆ ಸಾಕು, ನಾಲ್ಕು ಕಾರಣ, ಆರು ಪರಿಹಾರ ಹೇಳದೆ ದಾರಿ ಬಿಡುತ್ತಿರಲಿಲ್ಲ.

ಹೆಂಡತಿ ಇದ್ದಾಗ "ಸಾಕು ಬಿಡ್ರಿ, ಪಾಪ" ಎಂದು ಇವರನ್ನು ಪಕ್ಕಕ್ಕೆ ಸರಿಸಿ, ಸೊಂಟನೋವಿನವರನ್ನು ಒಳಗೆ ಕರೆದು ಕಾಫಿ ಕೊಡುತ್ತಿದ್ದಳು. ಮನೆಗೆ ಜನ ಬರುತ್ತಿದ್ದದ್ದು ಆಕೆಗಾಗಿ ಎಂಬುದು ಆಕೆ ಹೋದ ಮೇಲೆ ಅವರಿಗೆ ತಿಳಿಯಿತು. ಈಗ ಮೂರು ವರ್ಷದಿಂದ ಶೆಲ್ಫಿನ ಆರು ಕಪ್ಪುಗಳಲ್ಲಿ ಐದು ಬೋರಲಾಗಿಯೇ ಇದ್ದವು. ಹೊಸ್ತಿಲು ದಾಟಿ ಒಬ್ಬರೂ ಬಂದಿರಲಿಲ್ಲ.

ಅಪ್‌ಡೇಟ್ ಮುಗಿದು ಹತ್ತು ನಿಮಿಷಕ್ಕೆ ಆ ಲ್ಯಾಪ್‌ಟಾಪ್ ಕಂಪ್ಯೂಟರಿನ ಒಳಗಿನ ಫ್ಯಾನು ಕೂಗತೊಡಗಿತು. ಒಂಬತ್ತಕ್ಕೆ ಅದರ ಮೈ ಮುಟ್ಟಲಾಗದಷ್ಟು ಕಾದಿತ್ತು. ಒಂಬತ್ತೂ ಕಾಲಿಗೆ ಬಾಗಿಲು ಬಡಿದ ಸದ್ದಾಯಿತು. ಪಕ್ಕದ ಮನೆಯ ನರ್ಸಮ್ಮ, ಕೆಲಸದಿಂದ ನಿವೃತ್ತರಾಗಿ ಎರಡು ವರ್ಷವಾದವರು.

"ಏನ್ರೀ ಅದು ಸದ್ದು? ಮಿಕ್ಸಿ ನಿಲ್ಸೋದು ಮರ್ತ್ರಾ?"

"ಕಂಪ್ಯೂಟರ್, ಸಿಸ್ಟರ್. ಮೈ ಕಾದುಹೋಗಿದೆ."

"ಮೈ ಕಾದಿದೆಯಾ? ಸರೀರಿ ಆ ಕಡೆ." ನರ್ಸಮ್ಮ ಹಿಂಗೈ ಇಟ್ಟು ನೋಡಿದರು. "ನೂರಾ ಮೂರಕ್ಕೆ ಕಡಿಮೆ ಇಲ್ಲ. ಒಂದು ಒದ್ದೆ ಬಟ್ಟೆ ಕೊಡಿ. ಪೆನ್ಸಿಲ್ ಇದೆಯಾ? ಅರ್ಧ ಗಂಟೆಗೊಂದ್ಸಲ ಬರೆದಿಡ್ತೀನಿ."

ಸದ್ದಿಗೆ ಮೇಲಿನ ಮನೆಯ ಬಸ್ ಡ್ರೈವರಣ್ಣನೂ ಇಳಿದು ಬಂದ. ಅವತ್ತು ಅವನ ವಾರದ ರಜೆ. "ಸಾರ್, ಇದು ಜ್ವರ ಅಲ್ಲ, ಲೋಡು. ಘಾಟಿ ಹತ್ತುವಾಗ ನಮ್ಮ ಇಂಜಿನ್ನೂ ಹಿಂಗೇ ಕೂಗೋದು. ಟಕ್ಕಂತ ಆಫ್ ಮಾಡ್ಬೇಡಿ. ಹೊಟ್ಟೆ ಅಡಿಗೆ ಗಾಳಿ ಬಿಡಿ" ಎಂದು ಅಡುಗೆಮನೆಯಿಂದ ಎರಡು ಡಬ್ಬ ತಂದು ಕಂಪ್ಯೂಟರನ್ನು ಅವುಗಳ ಮೇಲೇರಿಸಿದ.

ಕೆಳಮನೆಯ ಟೈಲರಕ್ಕ ಕುತ್ತಿಗೆಯಲ್ಲಿ ಅಳತೆಪಟ್ಟಿಯ ಸಮೇತ ಬಂದಳು. "ಅಣ್ಣಾ, ಇದಕ್ಕೆ ಎಣ್ಣೆ ಬಿಟ್ಟು ಎಷ್ಟು ದಿನ ಆಯ್ತು?"

"ಇದಕ್ಕೆ ಎಣ್ಣೆ ಬಿಡಲ್ಲಮ್ಮ."

"ನೋಡಿ, ಅದಕ್ಕೇ ಹಿಂಗಾಗಿದೆ!"

ಮುಂದಿನ ಎರಡು ಗಂಟೆಯಲ್ಲಿ ಆಗಬಾರದ್ದೆಲ್ಲ ಆಯಿತು. ಮೂವರೂ ತಮ್ಮ ತಮ್ಮ ಮನೆಯಿಂದ ಟೇಬಲ್ ಫ್ಯಾನು ತಂದು ಒಂದೇ ಬೋರ್ಡಿಗೆ ಸಿಕ್ಕಿಸಿದ್ದರಿಂದ ಫ್ಯೂಸು ಹಾರಿ, ಇಡೀ ಕಟ್ಟಡ ಮೆಟ್ಟಿಲಿಗೆ ಬಂದು "ಯಾರ ಮನೇದ್ರೀ?" ಎಂದು ಕೂಗಿತು. ಟೈಲರಕ್ಕ ಊದಿದ ಧೂಳಿಗೆ ನರ್ಸಮ್ಮ ಹದಿನಾಲ್ಕು ಸಲ ಸೀನಿದರು. ನರ್ಸಮ್ಮ ಕಂಪ್ಯೂಟರಿನ ಮೇಲಿಟ್ಟ ಮಂಜುಗಡ್ಡೆಯ ಚೀಲ ಸೋರಿ, ಪಕ್ಕದಲ್ಲಿದ್ದ ಹೊಸ ಗೀಸರ್ ಕೈಪಿಡಿಯ ಕರಡೆಲ್ಲ ತೊಯ್ದು ಮುದ್ದೆಯಾಯಿತು. ಮೇಲಿನ ಹಾಳೆಯಲ್ಲಿ ದಪ್ಪಕ್ಷರದಲ್ಲಿ "ನೀರು ತಾಗದಂತೆ ಎಚ್ಚರ ವಹಿಸಿ" ಎಂದಿತ್ತು.

ಕೊನೆಗೆ ಕೈಪಿಡಿಯವರು ಮಲಗುವ ಕೋಣೆಗೆ ಹೋಗಿ ಸಹಾಯವಾಣಿಗೆ ಫೋನ್ ಮಾಡಿದರು. "ನಿಮ್ಮ ಕರೆ ನಮಗೆ ಬಹಳ ಅಮೂಲ್ಯ" ಎಂದಿತು ಒಂದು ದನಿ. "ಧನ್ಯವಾದ" ಎಂದರು ಇವರು. ಅದು ರೆಕಾರ್ಡು ಎಂದು ತಿಳಿಯುವ ಹೊತ್ತಿಗೆ ಮೂರು ಸಲ ಧನ್ಯವಾದ ಹೇಳಿಯಾಗಿತ್ತು. ನಲವತ್ತು ನಿಮಿಷದ ಮೇಲೆ ಒಬ್ಬ ಹುಡುಗಿ ಲೈನಿಗೆ ಬಂದಳು.

"ಸಾರ್, ಹೊಸ ಅಪ್‌ಡೇಟ್ ಹಾಕಿದ ಮೇಲೆ ಅದು ನಿಮ್ಮ ಫೋಟೋ ಎಲ್ಲಾ ಒಂದ್ಸಲ ನೋಡುತ್ತೆ. ಯಾರ್ ಯಾರ ಮುಖ ಇದೆ ಅಂತ ಗುರುತಿಡುತ್ತೆ. ತುಂಬಾ ಫೋಟೋ ಇದ್ರೆ ಬಿಸಿ ಆಗುತ್ತೆ. ನೀವೇನೂ ಮಾಡ್ಬೇಡಿ. ಚಾರ್ಜಿಗೆ ಹಾಕಿಟ್ಟು ಸುಮ್ಮನಿರಿ, ಸಂಜೆ ಹೊತ್ತಿಗೆ ತಾನೇ ತಣ್ಣಗಾಗುತ್ತೆ."

ಗಡಿಯಾರದಲ್ಲಿ ಹನ್ನೆರಡೂ ಕಾಲು. ಅವರ ಕಂಪ್ಯೂಟರಿನಲ್ಲಿ ಹನ್ನೊಂದು ಸಾವಿರ ಫೋಟೋ ಇದ್ದವು. ಕೈಪಿಡಿಯವರು ಪರಿಹಾರವನ್ನು ತುಟಿಯ ತುದಿಯಲ್ಲಿಟ್ಟುಕೊಂಡೇ ಹೊರಗೆ ಬಂದರು.

ಬಂದವರು ಬಾಗಿಲಲ್ಲೇ ನಿಂತರು. ಡ್ರೈವರಣ್ಣ ಕಾಲು ಮಡಚಿ ನೆಲದ ಮೇಲೆ ಕೂತು ಏನೋ ಹೇಳಿ ನಗುತ್ತಿದ್ದ. ನರ್ಸಮ್ಮ ಸ್ಟವ್ ಮುಂದೆ ನಿಂತಿದ್ದರು. ಟೈಲರಕ್ಕ ಶೆಲ್ಫಿನಿಂದ ಬೋರಲು ಕಪ್ಪುಗಳನ್ನು ಇಳಿಸಿ, ಮೂರು ವರ್ಷದ ಧೂಳು ಒರೆಸಿ, ಒಂದೊಂದಾಗಿ ನೆಟ್ಟಗೆ ಇಡುತ್ತಿದ್ದಳು.

"ಏನಂತೆ ಸಾರ್?"

ಕೈಪಿಡಿಯವರು ನೆಟ್ಟಗೆ ನಿಂತ ಕಪ್ಪುಗಳನ್ನೊಮ್ಮೆ ನೋಡಿದರು. "ಅವರಿಗೂ ಗೊತ್ತಿಲ್ಲವಂತೆ" ಎಂದರು. ಪರಿಹಾರ ಗೊತ್ತಿದ್ದೂ ಹೇಳದೆ ಇದ್ದದ್ದು ಅವರ ಜೀವಮಾನದಲ್ಲಿ ಅದೇ ಮೊದಲು.

"ಹಾಗಾದ್ರೆ ಬಿಟ್ಟು ಹೋಗೋ ಹಾಗಿಲ್ಲ" ಎಂದರು ನರ್ಸಮ್ಮ.

ಅವರು ಹೋಗಲಿಲ್ಲ. ಅವರವರ ಮನೆಯ ಊಟ ಒಂದೇ ಮೇಜಿಗೆ ಬಂತು. ನರ್ಸಮ್ಮ ಇವರ ಮಾತ್ರೆಡಬ್ಬಿ ತಡಕಿ, ತಾರೀಕು ಮುಗಿದ ಮಾತ್ರೆ ನುಂಗುತ್ತಿದ್ದೀರೆಂದು ಗದರಿದರು. ಯಾರಾದರೂ ಗದರಿ ಎಷ್ಟು ದಿನವಾಗಿತ್ತು ಎಂದು ಕೈಪಿಡಿಯವರಿಗೆ ಕಣ್ಣು ಮಂಜಾಯಿತು. ನಾಲ್ಕು ಗಂಟೆಗೆ ಫ್ಯಾನಿನ ಕೂಗು ಕೊಂಚ ಇಳಿದಾಗ, ಇನ್ನೇನು ಎಲ್ಲರೂ ಎದ್ದು ಹೋಗುತ್ತಾರೆ ಎನಿಸಿತು ಅವರಿಗೆ. ಯಾರೂ ನೋಡದಾಗ ಒದ್ದೆ ಬಟ್ಟೆ ತೆಗೆದು ಕಿಸೆಗೆ ತುರುಕಿಕೊಂಡರು, ಕಿಟಕಿಯನ್ನೂ ಮುಚ್ಚಿದರು.

ಆದರೂ ಐದಕ್ಕೆ ಅದು ಸುಮ್ಮನಾಯಿತು. ಪರದೆಯ ಮೇಲೆ ಒಂದೇ ಮುಖದ ಸಾಲು ಸಾಲು ಚಿತ್ರಗಳು ಮೂಡಿದವು. ಎಲ್ಲವೂ ಹೆಂಡತಿಯವು, ತೆಗೆದವರು ಇವರೇ. ಕೊನೆಯಲ್ಲಿ, ಅಂಗಡಿಯೊಂದರ ಕನ್ನಡಿಯಲ್ಲಿ ಕ್ಯಾಮೆರಾ ಹಿಡಿದು ನಿಂತ ಒಬ್ಬ ಗಂಡಸಿನ ಅರ್ಧ ಮುಖ. ಕೆಳಗೆ "ಈ ವ್ಯಕ್ತಿ ಯಾರು?" ಎಂಬ ಪ್ರಶ್ನೆ.

"ಎಷ್ಟು ಚೆನ್ನಾಗಿ ನಗ್ತಿದ್ರು ಅಕ್ಕ" ಎಂದಳು ಟೈಲರಕ್ಕ. ಆಮೇಲೆ ಜ್ವರ ಇಳಿಸಿದ್ದು ಬಟ್ಟೆಯೋ, ಡಬ್ಬವೋ, ಊದಿದ್ದೋ ಎಂದು ಜಗಳವಾಡುತ್ತಾ ಮೂವರೂ ಫ್ಯಾನುಗಳನ್ನು ಎತ್ತಿಕೊಂಡು ಹೊರಟರು.

ಒಂದೂವರೆ ಗಂಟೆಯೂ ಆಗಿರಲಿಲ್ಲ, ಟೈಲರಕ್ಕ ಓಡಿ ಬಂದಳು. "ಅಣ್ಣಾ, ಬೇಗ ಬನ್ನಿ! ಮಗಳ ಕಂಪ್ಯೂಟರಿಗೂ ಅದೇ ರೋಗ ಬಡೀತು. ನಿಮಗೆ ಅನುಭವ ಇದೆ!"

ಕೈಪಿಡಿಯವರು ಕೆಳಗಿಳಿದಾಗ ಟೈಲರಕ್ಕನ ಕೋಣೆಯ ತುಂಬ ಜನ. ನರ್ಸಮ್ಮ ಹೊಸ ಹಾಳೆ ತೆಗೆದಿದ್ದರು. ಅರ್ಧ ಹೊಲಿದ ಬಟ್ಟೆಗಳನ್ನು ಸರಿಸಿ ಇವರಿಗೆಂದೇ ಒಂದು ಕುರ್ಚಿ ಇಟ್ಟಿತ್ತು, ಪಕ್ಕದಲ್ಲಿ ಹಬೆಯಾಡುವ ಕಾಫಿ. ಕೂತರು. ಇಲ್ಲಿ ರಾತ್ರಿ ಎಂಟು, ಒಂಬತ್ತು ಗಂಟೆಯವರೆಗೂ ಕೂರಬಹುದಿತ್ತು. ಸುಮ್ಮನಿದ್ದರೆ ಸಾಕಿತ್ತು.

ಮೂಲೆಯಲ್ಲಿ ಮಗಳು ಅಳುತ್ತಿದ್ದಳು. "ಅಮ್ಮ, ನನ್ನ ವರ್ಷದ ಪ್ರಾಜೆಕ್ಟ್ ಎಲ್ಲಾ ಅದರಲ್ಲೇ ಇದೆ. ನಾಳೆ ಕೊಡ್ಬೇಕು. ಬೇರೆ ಕಾಪಿ ಇಲ್ಲ."

"ಸುಮ್ನಿರೇ. ಬೆಳಿಗ್ಗೆ ಅಣ್ಣ ಬೇಡ ಅಂದ್ರು, ಈಗ ನಾನು ಕೇಳಲ್ಲ" ಎಂದು ಟೈಲರಕ್ಕ ಹೊಲಿಗೆ ಯಂತ್ರದ ಎಣ್ಣೆಬುಡ್ಡಿ ಎತ್ತಿ, ಅದರ ಮೂತಿಯನ್ನು ಕಂಪ್ಯೂಟರಿನ ಗಾಳಿ ಕಿಂಡಿಗೆ ಇಟ್ಟಳು.

"ನಿಲ್ಸಿ!" ಕೈಪಿಡಿಯವರು ಎದ್ದು ನಿಂತಿದ್ದರು. "ತೊಂದರೆ, ಬಿಸಿ. ಕಾರಣ, ಹೊಸ ಅಪ್‌ಡೇಟ್ ಎಲ್ಲ ಫೋಟೋ ನೋಡುತ್ತಿದೆ. ಪರಿಹಾರ, ಏನೂ ಮಾಡಬೇಡಿ. ತಾನೇ ತಣ್ಣಗಾಗುತ್ತದೆ."

ಎಣ್ಣೆಬುಡ್ಡಿ ಕೆಳಗಿಳಿಯಿತು. ಡ್ರೈವರಣ್ಣ ಇವರನ್ನೇ ನೋಡಿದ. "ಇದು ನಿಮಗೆ ಯಾವಾಗ ಗೊತ್ತಾಯ್ತು ಸಾರ್?"

ಒಂದೇ ದಿನ ಎರಡು ಸುಳ್ಳು ಅವರ ಕೈಲಾಗುವ ಕೆಲಸವಾಗಿರಲಿಲ್ಲ. "ಹನ್ನೆರಡೂ ಕಾಲಿಗೆ."

"ನಾನು ಐದು ಗಂಟೆ ತನಕ ಚಾರ್ಟ್ ಬರೆದೆ" ಎಂದರು ನರ್ಸಮ್ಮ. "ನಾಲ್ಕು ಗಂಟೆಗೆ ಆ ಬಟ್ಟೆ ಎಲ್ಲಿ ಹೋಯ್ತು ಅಂತ ಹುಡುಕಿದ್ದೇ ಹುಡುಕಿದ್ದು..."

ಕೈಪಿಡಿಯವರು ಕಿಸೆಯಿಂದ ಬಟ್ಟೆ ತೆಗೆದು ಮೇಜಿನ ಮೇಲಿಟ್ಟರು. ಇನ್ನೂ ತೇವವಿತ್ತು.

"ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ ಅಣ್ಣಾ."

"ಹೇಳಿದ್ರೆ ನೀವೆಲ್ಲ ಹೋಗಿಬಿಡ್ತಿದ್ರಿ."

ಪರಿಹಾರ ಸಿಕ್ಕಿದ್ದರಿಂದ ಇರುವುದಕ್ಕೆ ಕಾರಣವೂ ಉಳಿಯಲಿಲ್ಲ. ಒಬ್ಬೊಬ್ಬರೇ ಎದ್ದು ಹೋದರು. ಮೆಟ್ಟಿಲ ತಿರುವಿನಲ್ಲಿ ಡ್ರೈವರಣ್ಣ ನಿಂತ. ಅವನ ವಾರದ ರಜೆ ಹಾಳಾಗಿತ್ತು, ಮುಖದಲ್ಲಿ ಸಿಟ್ಟೂ ಇತ್ತು. "ಮುಂದಿನ ಸಲ ಅದು ಬಿಸಿ ಆದ್ರೆ ನಿಜ ಹೇಳೇ ಕರೀರಿ ಸಾರ್. ಬರ್ತೀವಿ" ಎಂದು ಹತ್ತಿ ಹೋದ.

ಬರುತ್ತಾರಂತೆ! ಕೈಪಿಡಿಯವರು ಎರಡೆರಡು ಮೆಟ್ಟಿಲು ದಾಟಿ ಮನೆ ಸೇರಿ ಕಂಪ್ಯೂಟರ್ ತೆರೆದರು. ಅವರ ಅದೃಷ್ಟಕ್ಕೆ ಅದು ಕೇಳುತ್ತಿತ್ತು: "ಇನ್ನೊಂದು ಹೊಸ ಅಪ್‌ಡೇಟ್ ಬಂದಿದೆ. ಈಗಲೇ ಹಾಕಲೇ, ನಾಳೆ ನೆನಪಿಸಲೇ?"

"ಈಗಲೇ" ಒತ್ತಿದರು. ಹಾಲು ಇದೆಯೇ ಎಂದು ನೋಡಿದರು. ಕಪ್ಪುಗಳನ್ನು ತೊಳೆದು ಮೇಜಿನ ಮೇಲೆ ಜೋಡಿಸಿದರು. ಹತ್ತು ನಿಮಿಷ ಕಾದರು, ಇಪ್ಪತ್ತು ನಿಮಿಷ ಕಾದರು. ಫ್ಯಾನು ತುಟಿಪಿಟಕ್ಕೆನ್ನಲಿಲ್ಲ. ಪರದೆಯ ಮೇಲೆ ಎರಡು ಸಾಲು ಬಂತು.

"ಹಿಂದಿನ ಅಪ್‌ಡೇಟ್‌ನಿಂದ ಕೆಲವರಿಗೆ ಬಿಸಿಯಾಗುವ ತೊಂದರೆ ಕಂಡುಬಂದಿತ್ತು. ಅದನ್ನು ಸಂಪೂರ್ಣವಾಗಿ ನಿವಾರಿಸಲಾಗಿದೆ."

ಕೈಪಿಡಿಯವರು ಹಿಂಗೈ ಇಟ್ಟು ನೋಡಿದರು. ತಣ್ಣಗಿತ್ತು.