ನೀಲಿ ಕಿಟಕಿಯ ಹಾಡು

ವಹಬಾ ಎಫೆಂದಿಯ ಸಂಸಾರಕ್ಕೆ ಬೆಂಕಿ ಬಿದ್ದದ್ದು ಒಂದು ಹಳದಿ ತಲೆವಸ್ತ್ರದಿಂದ. ಹೆಂಡತಿ ತಫೀದಾ ಅದನ್ನು ಹೊಸದಾಗಿ ಕಟ್ಟಿಕೊಂಡು ಬೇಯಿಸಿದ ಕಾಳು ಬಡಿಸಿದಳು, ಚಹಾ ಕೊಟ್ಟಳು, ಎದುರಿಗೇ ಕೂತಳು. ಎಫೆಂದಿ ಮಾತ್ರ ಹಿಂದಿನ ಸಂಜೆ ಕಾಫಿ ಅಂಗಡಿಯ ರೇಡಿಯೊದಲ್ಲಿ ಕೇಳಿದ ಹಾಡನ್ನು ಗುನುಗುತ್ತ ತಟ್ಟೆ ಖಾಲಿ ಮಾಡಿದ.

“ಏನ್ರೀ, ಏನಾದ್ರೂ ಗೊತ್ತಾಯ್ತಾ?”

“ಉಪ್ಪು ಸ್ವಲ್ಪ ಕಮ್ಮಿ.”

ತಫೀದಾ ಎದ್ದು ನಿಂತಳು. “ಆ ಪೆಟ್ಟಿಗೆಯೊಳಗೆ ಹಾಡೋಳು ಮೂಗು ಎಳೆದ್ರೂ ನಿಮಗೆ ಗೊತ್ತಾಗತ್ತೆ. ಈ ಮನೇಲಿ ನಾನು ಏನು ಉಟ್ಟೆ, ಏನು ಮಾಡ್ದೆ, ಒಂದೂ ಕಾಣಲ್ಲ. ಅಮ್ಮನ ಮನೆಗೆ ಹೋಗ್ತೀನಿ. ನಾನೂ ಒಬ್ಬಳಿದೀನಿ ಅಂತ ನೆನಪಾದ್ರೆ ಹೇಳಿಕಳಿಸಿ.”

ನೀರು ಸರಬರಾಜು ಕಚೇರಿಯಲ್ಲಿ ಅಂದು ಎಫೆಂದಿ ಬರೆದ ಲೆಕ್ಕವೆಲ್ಲ ತಪ್ಪು. ಮದುವೆಯಾಗಿ ಇಷ್ಟು ವರ್ಷಕ್ಕೆ ಹೆಂಡತಿ ತವರಿಗೆ ಹೋದಳೆಂದರೆ ಓಣಿಯಲ್ಲಿ ಮುಖವೆತ್ತಿ ನಡೆಯುವುದು ಹೇಗೆ? ಅವಳಿಲ್ಲದ ಮನೆಗೆ ಹೋಗುವುದಾದರೂ ಹೇಗೆ? ಮಧ್ಯಾಹ್ನ ನೇರವಾಗಿ ಕೊಸ್ತಾಂದಿಯ ಬಳಿಗೆ ಹೋದ.

ಕೈರೋಗೆ ಆಗಿನ್ನೂ ಸರ್ಕಾರದ ರೇಡಿಯೊ ಬಂದಿರಲಿಲ್ಲ. ಗ್ರಾಮಫೋನ್ ರಿಪೇರಿಯ ಕೊಸ್ತಾಂದಿ ತನ್ನ ಅಂಗಡಿಯ ಹಿಂದಿನ ಕೋಣೆಯಲ್ಲೇ ಸ್ಟೇಷನ್ ನಡೆಸುತ್ತಿದ್ದ. ಯಾರು ಯಾರಿಗೆ ಬೇಕಾದರೂ ಹಾಡು ಕಳಿಸಬಹುದಿತ್ತು. ಪ್ರೇಮಿಗಳು ಪ್ರೇಮ ಕಳಿಸುತ್ತಿದ್ದರು, ಬೀಗರು ಬೈಗುಳ ಕಳಿಸುತ್ತಿದ್ದರು.

“ಯಾರಿಗೆ ಅನ್ನಲಿ? ಹೆಸರು ಹೇಳಿ,” ಎಂದ ಕೊಸ್ತಾಂದಿ.

“ಹೆಸರಾ?” ಎಫೆಂದಿಯ ಕಿವಿ ಕೆಂಪಾಯಿತು. “ಮನೆಯವಳ ಹೆಸರನ್ನ ಕಾಫಿ ಅಂಗಡಿ ಗಂಡಸರೆಲ್ಲ ಕೇಳೋ ಹಾಗೆ ಕೂಗಿಸ್ಲಾ? ಮಾನ ಮರ್ಯಾದೆ ಬೇಡ್ವಾ?”

“ಹಾಗಾದ್ರೆ ಇಂಥವನ ತಾಯಿ ಅಂತೀನಿ. ಮಗನ ಹೆಸರು?”

“ಮಕ್ಕಳಿಲ್ಲ.” ಸ್ವಲ್ಪ ಯೋಚಿಸಿ ಎಫೆಂದಿ ಹೇಳಿದ: “ಗಾಣದ ಓಣಿಯ ನೀಲಿ ಕಿಟಕಿಯ ಒಡತಿಗೆ, ತನ್ನ ತಪ್ಪು ಅರಿತುಕೊಂಡ ಒಬ್ಬ ಪಾಪಿಯಿಂದ. ಅಷ್ಟು ಸಾಕು. ಅವಳಿಗೆ ಅರ್ಥ ಆಗತ್ತೆ.”

ಸಂಜೆ ಕಾಫಿ ಅಂಗಡಿಯಲ್ಲಿ ರೇಡಿಯೊ ಅದನ್ನೇ ಹೇಳಿತು. ಹಾಡು ಶುರುವಾಗುವ ಮೊದಲೇ ಕಸಾಯಿ ಬಯ್ಯೂಮಿ ಕುರ್ಚಿ ಒದ್ದು ಎದ್ದ. ಎಫೆಂದಿಯ ಎದುರುಮನೆಯವನು, ಬಾಗಿಲಿಗೆ ಅಡ್ಡ ನಿಂತರೆ ಬೆಳಕೂ ಒಳಗೆ ಬರದಂಥ ಆಳು.

“ನೀಲಿ ಕಿಟಕಿ! ನಮ್ಮನೇದು ನೀಲಿ ಕಿಟಕಿ! ಯಾವನವನು ನನ್ನ ಮನೆಯವಳಿಗೆ ಹಾಡು ಕಳಿಸಿದ ಬೇವರ್ಸಿ?”

ಇವನದೂ ನೀಲಿಯೇ? ಇರಬಹುದು, ನಾನೆಲ್ಲಿ ನೋಡಿದೆ, ಎಂದುಕೊಂಡ ಎಫೆಂದಿ.

“ಎಫೆಂದಿಗಳೇ, ನೀವು ಓದಿದೋರು. ಬನ್ನಿ ನನ್ನ ಜೊತೆ. ನೀವು ಮಾತಾಡಿ, ನಾನು ಕೊಯ್ತೀನಿ.”

ಸ್ಟೇಷನ್ನಿನಲ್ಲಿ ಕೊಸ್ತಾಂದಿ ಎಫೆಂದಿಯನ್ನು ಕಂಡವನೇ ಹಲ್ಲು ಕಿರಿದ. “ಏನಾಯ್ತು, ಮನೆಯವರು...” ಅನ್ನುವಷ್ಟರಲ್ಲಿ ಎಫೆಂದಿ ಅವನ ಕಾಲು ತುಳಿದ. ಕೊಸ್ತಾಂದಿಯ ಕಣ್ಣು ಬಯ್ಯೂಮಿಯ ಕೈಯಲ್ಲಿದ್ದ ಕತ್ತಿಯ ಮೇಲೆ ಬಿತ್ತು.

“ಕಳಿಸಿದೋನು ಯಾರೋ ಗೊತ್ತಿಲ್ಲ ಯಜಮಾನ್ರೇ,” ಎಂದು ಕುಳ್ಳ ಎಫೆಂದಿಯನ್ನೊಮ್ಮೆ ನೋಡಿ, “ಭಾರಿ ಎತ್ತರ. ದಪ್ಪ ಮೀಸೆ,” ಎಂದ.

“ದರ್ಜಿ ಶಹ್ಹಾತಾ!” ಎಂದು ಅಬ್ಬರಿಸಿದ ಬಯ್ಯೂಮಿ.

ಪಾಪ, ಶಹ್ಹಾತಾ ಗುಂಡಿ ಹೊಲಿಯುತ್ತ ಕೂತಿದ್ದ. ಯಾಕೆಂದು ಕೇಳುವ ಮೊದಲೇ ಕೆನ್ನೆಗೆರಡು ಬಿದ್ದವು. “ಎಫೆಂದಿ, ನೀವಾದ್ರೂ ಹೇಳಿ, ನಾನು ಅಂಥವನಾ?” ಎಂದು ದರ್ಜಿ ಅಂಗಲಾಚಿದ. ಎಫೆಂದಿ ನೆಲ ನೋಡುತ್ತ ನಿಂತ. ಜನ ಬಿಡಿಸಿದ ಮೇಲೆ ಮನೆಗೆ ನಡೆದ. ಹುಟ್ಟಿದಾಗಿನಿಂದ ಅವನಿಗೆ ಇಷ್ಟು ನಾಚಿಕೆಯಾಗಿರಲಿಲ್ಲ.

ಮನೆಯಲ್ಲಿ ದೀಪವಿತ್ತು. ತಫೀದಾ ಬಂದಿದ್ದಳು.

“ಸುರ್ಮಾ ಡಬ್ಬಿ ಮರೆತಿದ್ದೆ, ಅದಕ್ಕೆ ಬಂದೆ,” ಎಂದಳು ಗೋಡೆಯ ಕಡೆ ನೋಡಿ. ಡಬ್ಬಿ ಅವಳ ಕಣ್ಣೆದುರಿಗೇ ಇತ್ತು.

ಎಫೆಂದಿ ಕುಸಿದು ಕೂತ. “ರೇಡಿಯೊದಲ್ಲಿ ಹಾಡು ಕಳಿಸಿದ್ದು ನಾನೇ ಕಣೇ. ನಿನಗೇ. ಶಹ್ಹಾತಾ ತಿಂದ ಏಟು ನನಗೆ ಬೀಳಬೇಕಿತ್ತು. ಬಾಯಿ ಬಿಡ್ಲಿಲ್ಲ, ಹೇಡಿ ನಾನು.”

ತಫೀದಾಳ ಕಣ್ಣು ತುಂಬಿತು. “ನನಗಾ? ಊರೆಲ್ಲ ಕೇಳೋ ಹಾಗೆ? ಅಮ್ಮನ ಮನೇಲಿ ಹಾಡು ಕೇಳಿಸ್ತು, ಗದ್ದಲದಲ್ಲಿ ಯಾರಿಗೆ ಅಂತ ತಿಳೀಲಿಲ್ಲ. ಏನಂತ ಹೇಳಿಸಿದ್ರಿ?”

“ನೀಲಿ ಕಿಟಕಿಯ ಒಡತಿಗೆ ಅಂತ.”

ತಫೀದಾ ಕಣ್ಣೊರೆಸಿಕೊಂಡಳು. ದೀಪ ಎತ್ತಿಕೊಂಡು ಹೋಗಿ, ಅರೆ ತೆರೆದಿದ್ದ ಕಿಟಕಿಯನ್ನು ಧಡಾರನೆ ಪೂರ್ತಿ ತೆಗೆದಳು.

“ಯಾವ ಬಣ್ಣ?”

ಹಸಿರು. ಅಚ್ಚ ಹಸಿರು.

“ಕಳೆದ ಹಬ್ಬಕ್ಕೆ ಸ್ಟೂಲ್ ಹತ್ತಿ ನಾನೇ ಬಳಿದಿದ್ದು. ಓಣೀಲಿ ನೀಲಿ ಅಂದ್ರೆ ಈಗ ಎದುರುಮನೇದೊಂದೇ.”

ಇಕ್ಕಟ್ಟಿನ ಓಣಿ. ಈ ಕಿಟಕಿಯಿಂದ ಆ ಕಿಟಕಿಗೆ ಉಪ್ಪಿನಕಾಯಿ ಕೈದಾಟಿಸಬಹುದಿತ್ತು. ಅಲ್ಲಿ, ಕಿಟಕಿಯ ನೀಲಿ ಕದಗಳ ನಡುವೆ, ಬನಿಯನ್ ತೊಟ್ಟ ಬಯ್ಯೂಮಿ ಒಂದಕ್ಷರ ಬಿಡದೆ ಕೇಳಿಸಿಕೊಂಡು ನಿಂತಿದ್ದ.

“ಎಫೆಂದಿಗಳೇ,” ಎಂದ ಮೆಲ್ಲಗೆ, “ನೀವು ಇಳೀಬೇಡಿ. ನಾನೇ ಬರ್ತೀನಿ.”

ಎಫೆಂದಿ ದಿಕ್ಕು ತೋಚದೆ ಹೆಂಡತಿಯ ಕಡೆ ತಿರುಗಿದ. ದೀಪದ ಬೆಳಕು ಅವಳ ಮೇಲೆ ಬಿದ್ದಿತ್ತು.

“ಹಳದಿ!” ಎಂದು ಕೂಗಿದ. “ಹೊಸ ತಲೆವಸ್ತ್ರ! ಎಷ್ಟು ಚೆನ್ನಾಗಿದೆ ತಫೀದಾ!”

“ಈಗ ಕಾಣಿಸ್ತಲ್ಲ,” ಎಂದ ತಫೀದಾ ಸುರ್ಮಾ ಡಬ್ಬಿ ಎತ್ತಿಕೊಂಡು ಮತ್ತೆ ಅಮ್ಮನ ಮನೆಗೆ ಹೊರಟಳು. ಮೆಟ್ಟಿಲ ಮೇಲೆ ಬಯ್ಯೂಮಿ ಎದುರಾದಾಗ ಗೋಡೆಗೆ ಸರಿದು, ಅವನಿಗೆ ದಾರಿ ಬಿಟ್ಟಳು.