ಹುಳುಗಳು ತಾವೇ ಹತ್ತಿದ ದಿನ

ಮೊದಲೇ ಹೇಳಿಬಿಡುತ್ತೇನೆ, ಔಷಧದ ತಪ್ಪು ಏನೂ ಇರಲಿಲ್ಲ. ಏನು ಮಾಡುತ್ತೇನೆಂದು ಬಾಟಲಿಯ ಮೇಲೆ ಬರೆದುಕೊಂಡಿತ್ತೋ ಅದನ್ನೇ ಮಾಡಿತು. ಮನುಷ್ಯರಲ್ಲಿ ಅಂಥವರು ಸಿಗುವುದು ಅಪರೂಪ. ರೇಷ್ಮೆಹುಳುಗಳೆಲ್ಲ ಒಂದೇ ದಿನ ಹಣ್ಣಾದವು, ಯಾರೂ ಮುಟ್ಟದೆ ತಾವೇ ತಟ್ಟಿ ಹತ್ತಿ ಗೂಡು ಕಟ್ಟಲು ಕುಳಿತವು. ಮನೆಮಂದಿಗೆಲ್ಲ ಖುಷಿ. ನಾನೊಬ್ಬಳು ಮುಖ ಊದಿಸಿಕೊಂಡು ಕುಳಿತಿದ್ದೆ. ಯಾಕೆಂದು ಮಗ ಬಸು ಕೇಳಿದ. ಹಲ್ಲುನೋವು ಎಂದೆ. ನನ್ನ ಬಾಯಲ್ಲಿ ಒಂದು ಹಲ್ಲೂ ಇಲ್ಲವೆಂಬುದು ಅವನಿಗೆ ನೆನಪಾಗಲಿಲ್ಲ.

ನಮ್ಮ ಹುಳುವಿನ ಮನೆ ಇರುವುದು ಅಡರಕಟ್ಟಿಯ ಹೊರಗೆ, ಹಿಪ್ಪುನೇರಳೆ ತೋಟದ ನಡುವೆ. ಬಸು ಸೊಪ್ಪು ತಂದು ಹಾಕಿ ಬೇರೆ ಕೆಲಸಕ್ಕೆ ಹೋಗುತ್ತಾನೆ. ಸೊಸೆಗೆ ಅಂಗನವಾಡಿ. ಬೆಳಗಿನಿಂದ ಸಂಜೆಯವರೆಗೆ ಕಾಯುವುದು ನನ್ನ ಪಾಲು. ಅಲ್ಲಿಗೆ ಬೇರೆಯವರು ಬರುವಂತಿಲ್ಲ. ತಂಬಾಕು ತಿಂದವರು ಬೇಡ, ಅತ್ತರು ಹಚ್ಚಿಕೊಂಡವರು ಬೇಡ, ಹೊರಗಿನ ರೋಗ ಹೊತ್ತು ತರುವವರು ಬೇಡ. ಬಾಗಿಲಲ್ಲಿ ಸುಣ್ಣದ ಪುಡಿ ಹರವಿಟ್ಟು, ಬಂದವರನ್ನು ದೂರದಿಂದಲೇ ಕೂಗಿ ಕಳಿಸುತ್ತೇನೆ. ಈ ಕೆಲಸಕ್ಕೆ ಓದು ಬೇಕಿಲ್ಲ, ಗಂಟಲು ಸಾಕು. ನಾನು ಮೂರನೇ ಇಯತ್ತೆಗೇ ಶಾಲೆ ಬಿಟ್ಟವಳು, ಗಂಟಲು ಮಾತ್ರ ಚೆನ್ನಾಗಿದೆ. ಹುಳುಗಳು ಸೊಪ್ಪು ತಿನ್ನುವಾಗಲಾದರೂ ಸರಸರ ಸದ್ದಿರುತ್ತದೆ, ಪಕ್ಕದ ಕೋಣೆಯಲ್ಲಿ ಯಾರೋ ಮಾತಾಡುತ್ತಿದ್ದಾರೆ ಅನ್ನಿಸುತ್ತದೆ. ಚರ್ಮ ಬಿಡುವ ಹೊತ್ತು ಬಂತೆಂದರೆ ಅದೂ ಇಲ್ಲ. ಅದಕ್ಕೆ ನಾವು ಜ್ವರವೆನ್ನುತ್ತೇವೆ. ಆಗ ತಿನ್ನುವುದನ್ನು ಬಿಟ್ಟು, ತಲೆ ಎತ್ತಿ, ಎಲ್ಲವೂ ಕಲ್ಲಾಗಿ ನಿಲ್ಲುತ್ತವೆ. ಮುಟ್ಟಬಾರದು, ಅಲುಗಿಸಬಾರದು. ಆ ಹೊತ್ತಿನಲ್ಲಿ ನಾನು ಗೋಡೆಯ ಹಲ್ಲಿಗೆ ಬೈಯುತ್ತೇನೆ. ಹಲ್ಲಿ ಹುಳು ತಿನ್ನುತ್ತದೆ, ಬೈದು ಓಡಿಸಬೇಕಾದ್ದೇ. ಆದರೆ ಅದರ ಸಂಸಾರ, ತವರುಮನೆ ಎಲ್ಲ ತೆಗೆದು ಬೈಯುವ ಅಗತ್ಯವೇನೂ ಇಲ್ಲ. ಹಲ್ಲಿ ಪಾಪ, ಲೊಚಗುಟ್ಟಿ ಸುಮ್ಮನಾಗುತ್ತದೆ. ಮಾತಿಗೆ ಮಾತು ಕೊಡುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಹುಳು ಹಣ್ಣಾಗುವ ದಿನ ಬರುತ್ತದೆ. ಮೈ ಹಳದಿಗೆ ತಿರುಗಿ, ಗಾಜಿನ ಹಾಗೆ ತಿಳಿಯಾಗುತ್ತದೆ. ಅಂಥವನ್ನು ಮಾತ್ರ ಆರಿಸಿ, ಗೂಡು ಕಟ್ಟುವ ತಟ್ಟಿ ಇದೆಯಲ್ಲ, ಚಂದ್ರಿಕೆ, ಅದರ ಮೇಲೆ ಬಿಡಬೇಕು. ಎಲ್ಲವೂ ಒಮ್ಮೆಲೇ ಹಣ್ಣಾಗುವುದಿಲ್ಲ, ಎರಡು ಮೂರು ದಿನ ಹಿಡಿಯುತ್ತದೆ. ಆಗ ಸುಣ್ಣ ದಾಟಿ ಒಳಗೆ ಬರಲು ಹೆಂಗಸರಿಗೆ ಅಪ್ಪಣೆ. ನಮ್ಮ ಓಣಿಯ ಬೀಬಿಜಾನ್ ಬರುತ್ತಾಳೆ, ಗಂಗವ್ವ ಬರುತ್ತಾಳೆ. ಅವರೂ ಹುಳು ಸಾಕುವವರೇ, ಕೂಲಿಯಿಲ್ಲ. ಅವರ ಹುಳು ಹಣ್ಣಾದಾಗ ನಾನು ಹೋಗಿ ಮುಯ್ಯಿ ತೀರಿಸುತ್ತೇನೆ. ಯಾರ ಸೊಸೆ ಬಸುರಿ, ಯಾರ ಎಮ್ಮೆ ಒದೆಯುತ್ತದೆ, ಎಲ್ಲ ಖಬರು ನನಗೆ ಆ ದಿನಗಳಲ್ಲೇ ತಿಳಿಯಬೇಕು.

ಇದನ್ನು ನಾನು ಮನೆಯಲ್ಲಿ ಹೇಳುತ್ತಿದ್ದ ರೀತಿ ಬೇರೆ. "ಏನ್ ಆರಿಸ್ತಾರಪಾ ಇವ್ರು! ಕೈ ಎರಡು, ಬಾಯಿ ಹತ್ತು. ಮೂರು ಸಲ ಚಾ ಬೇಕು, ಹುಳ ಮಾತ್ರ ಮುಗಿಯೂದಿಲ್ಲ," ಎಂದು ಪ್ರತಿ ಬೆಳೆಗೂ ಗೊಣಗಿದ್ದೇನೆ. ಬಸು ಕೇಳಿಸಿಕೊಳ್ಳುವ ಮಗ. ಬೇರೆ ಯಾವ ಮಾತನ್ನೂ ಕೇಳಿಸಿಕೊಳ್ಳದವನು ಇದೊಂದನ್ನು ಕೇಳಿಸಿಕೊಂಡ. ಈ ಸಲ ಲಕ್ಷ್ಮೇಶ್ವರಕ್ಕೆ ಹೋಗಿ ಬಾಟಲಿ ತಂದ. "ಅವ್ವಾ, ಸೊಪ್ಪಿಗೆ ಇದನ್ನ ಸಿಂಪಡಿಸಿದ್ರ ಎಲ್ಲಾ ಹುಳ ಒಂದ ದಿನ ಹಣ್ಣಾಗ್ತಾವು. ತಾವ ಹತ್ತತಾವು. ಇನ್ನ ನಿನಗ ಯಾರ ಕಾಟನೂ ಇಲ್ಲ."

ಗದಗಿನ ಕಾಲೇಜಿನಲ್ಲಿ ಓದುವ ಮೊಮ್ಮಗಳು ಸುಮಾ ರಜೆಗೆ ಬಂದಿದ್ದಳು. ಇದು ವಿಷವೇನು ಎಂದು ಅವಳನ್ನು ಕೇಳಿದೆ.

"ವಿಷ ಅಲ್ಲ ಆಯಿ, ಹಾರ್ಮೋನು. ಹುಳದ ಎದಿಯೊಳಗಿನ ಗ್ರಂಥಿಯಿಂದ ಒಂದು ರಸ ಬರ್ತೈತಿ, 'ಚರ್ಮಾ ಬಿಡು' ಅಂತ ಹೇಳತೈತಿ. ತಲಿಯೊಳಗ ಇನ್ನೊಂದು ರಸ ಐತಿ, ಅದು 'ಇನ್ನೂ ಸಣ್ಣಾಕಿ ಇದ್ದೀ, ಹುಳಾನ ಆಗಿರು' ಅಂತೈತಿ. ಎರಡೂ ಇದ್ರ ಚರ್ಮಾ ಬಿಟ್ಟು ದೊಡ್ಡ ಹುಳ ಆಗತೈತಿ. ತಲಿಯೊಳಗಿನ ರಸ ಬತ್ತಿದ ಮ್ಯಾಲ ಎದಿಯ ರಸ ಬಂತಂದ್ರ, ತಿನ್ನೂದು ಬಿಟ್ಟು ಗೂಡು ಕಟ್ಟತೈತಿ."

"ಬಾಟಲ್ಯಾಗ ಇರೂದು ಯಾವುದು?"

"ಎದಿ ರಸದಂಥಾದ್ದು. ಗಿಡದಿಂದ ತಗಿತಾರ. ತನ್ನ ತಿನ್ನಾಕ ಬಂದ ಹುಳ ಹೊತ್ತಲ್ಲದ ಹೊತ್ನ್ಯಾಗ ಚರ್ಮಾ ಬಿಟ್ಟು ಕೆಟ್ಟುಹೋಗಲಿ ಅಂತ ಕೆಲವು ಗಿಡ ಇದನ್ನ ಮೈಯೊಳಗ ಮಾಡಿ ಇಟ್ಕೊಂಡಿರ್ತಾವು."

ಗಿಡಕ್ಕೂ ಇಷ್ಟು ಕಿಲಾಡಿತನ ಇದೆಯೆಂದು ನನಗೆ ಗೊತ್ತಿರಲಿಲ್ಲ. ನನಗೆ ಮದುವೆ ಮಾಡಿದಾಗ ನನ್ನ ತಲೆಯೊಳಗೂ ಸಣ್ಣವಳಾಗಿರು ಎನ್ನುವ ರಸ ತುಂಬ ಇತ್ತು. ಯಾರೂ ಅದರ ಮಾತು ಕೇಳಲಿಲ್ಲ. ಇದನ್ನು ಸುಮಾಗೆ ಹೇಳೋಣವೆಂದುಕೊಂಡೆ, ಅಷ್ಟರಲ್ಲಿ ಅವಳು ಫೋನ್ ನೋಡುತ್ತಿದ್ದಳು.

ಮೊದಲ ಹಣ್ಣುಹುಳು ಕಂಡ ಸಂಜೆ ಬಸು ಸೊಪ್ಪಿಗೆ ಔಷಧ ಸಿಂಪಡಿಸಿ ಹಾಕಿದ. ಮರುದಿನ ಚಂದ್ರಿಕೆಗಳನ್ನು ಹುಳುಗಳ ಮೇಲೆ ಮಲಗಿಸಿಟ್ಟ, ಅಷ್ಟೇ. ಸಾಲಾಗಿ ಹತ್ತತೊಡಗಿದವು. ಅಷ್ಟರಲ್ಲಿ ರೂಢಿಯಂತೆ ಬೀಬಿಜಾನ್, ಗಂಗವ್ವ ಸೆರಗು ಸಿಕ್ಕಿಸಿಕೊಂಡು ಬಂದರು. ಬಂದು, ಬಾಗಿಲಲ್ಲೇ ನಿಂತರು.

"ಅಯ್ಯ, ಇವಕ್ಕ ಯಾರು ಸಾಲಿ ಕಲಿಸ್ಯಾರ?" ಎಂದಳು ಗಂಗವ್ವ.

"ಚಲೋ ಆತು ಬಿಡು ನೀಲವ್ವಕ್ಕ," ಎಂದಳು ಬೀಬಿಜಾನ್. "ನಮ್ಮ ಕಾಟ ತಪ್ಪಿತು ನಿನಗ. ನನ್ನ ಮಗನೂ ಆ ಬಾಟಲಿ ಹೆಸರು ಕೇಳಾಕತ್ತಾನ."

ಅಂದರೆ ಅವಳ ಮನೆಗೂ ಇನ್ನು ನನ್ನನ್ನು ಕರೆಯುವುದಿಲ್ಲ. "ಕುಂಡ್ರಿ, ಚಾ ಕುಡದು ಹೋಗ್ರಿ," ಎಂದೆ. "ಕೆಲಸಿಲ್ಲದ ಚಾ ಯಾಕವಾ," ಎಂದು ಗಂಗವ್ವ ಸುಣ್ಣ ದಾಟದೆಯೇ ತಿರುಗಿದಳು. ದೊಡ್ಡ ಪಾತ್ರೆಯಲ್ಲಿ ಕಾಸಿಟ್ಟಿದ್ದ ಚಹಾ ಹಾಗೇ ಕೆನೆಗಟ್ಟಿತು. ಹುಳುಗಳು ತಲೆ ಅಲ್ಲಾಡಿಸುತ್ತ ಒಂದೊಂದೂ ತನ್ನ ಸುತ್ತ ನೂಲು ಸುತ್ತಿಕೊಂಡು ಮರೆಯಾಗುತ್ತಿದ್ದವು. ಹಲ್ಲಿಗೆ ಬೈಯಲೂ ನನಗೆ ಮನಸ್ಸು ಬರಲಿಲ್ಲ. ಹಲ್ಲುನೋವು ಶುರುವಾದದ್ದು ಆಗಲೇ.

ಮರುದಿನ ಬೆಳಿಗ್ಗೆ ಕಸ ತೆಗೆಯುವಾಗ, ಹತ್ತದೆ ಉಳಿದ ಸೋಮಾರಿ ಹುಳುಗಳು ಒಂದು ಬೊಗಸೆಯಷ್ಟು ಸಿಕ್ಕವು. "ಕೋಳಿಗೆ ಹಾಕವ್ವಾ," ಎಂದ ಬಸು. ನಾನು ಅವನ್ನು ಮೊರಕ್ಕೆ ಹಾಕಿಕೊಂಡು, ಖಾಲಿ ಚಂದ್ರಿಕೆಯೊಂದನ್ನು ತಲೆಯ ಮೇಲೆ ಹೊತ್ತು, ಊರೊಳಗೆ ಬೀಬಿಜಾನ್ ಮನೆಗೆ ನಡೆದೆ. ಮೊರವನ್ನು ಅವಳ ಕಟ್ಟೆಯ ಮೇಲಿಟ್ಟೆ.

"ಕಣ್ಣು ಕಾಣವಲ್ವು. ಇವುರಾಗ ಯಾವುವು ಹಣ್ಣಾಗ್ಯಾವು ನೋಡಿ ಆರಿಸಿಕೊಡು."

ಬೀಬಿಜಾನ್ ಮೊರ ನೋಡಿದಳು. ನನ್ನನ್ನು ನೋಡಿದಳು. ಮತ್ತೆ ಮೊರ ನೋಡಿದಳು.

"ಇಷ್ಟು ಹುಳ ಒಬ್ಬಾಕಿಯಿಂದ ಮುಗೀತಾವೇನ? ತಡಿ, ಗಂಗವ್ವನ್ನೂ ಕರೀತೀನಿ," ಎಂದಳು.

ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಯಿತು. ನಾನು ಮೂರು ಸಲ ಚಹಾ ಕುಡಿದೆ, ಒಂದು ಹುಳುವನ್ನೂ ಆರಿಸಲಿಲ್ಲ.