ಮೂರನೇ ಮಾಳಿಗೆಯ ಪೈಲ್ವಾನ

ನಮ್ಮ ಅಕ್ಕನ ಎದುರು ಊಟಕ್ಕೆ ಕೂತವರು ಯಾರೂ ಎರಡನೇ ಸಲ ಕೂತಿಲ್ಲ! ಹಸಿ ಗಜ್ಜರಿಯನ್ನು ಕುದುರೆಯ ಹಾಗೆ ಕಡಿಯುತ್ತ, ನಿಮ್ಮ ತಾಟಿನ ಭಜಿಯನ್ನು ತೋರಿಸಿ, "ಇದು ಹೊಟ್ಟ್ಯಾಗ ಮೂರು ದಿನ ಕೊಳೀತದ" ಎನ್ನುವವಳ ಮುಂದೆ ಯಾರು ತಾನೇ ಉಂಡಾರು?

ಭಾಂಡುಪಿನ ಚಾಳಿನ ಮೂರನೇ ಮಾಳಿಗೆಯ ಒಂದೇ ಖೋಲಿಯಲ್ಲಿ ನಾವು ಮೂವರು: ಧಾರವಾಡ ಬಿಟ್ಟು ಬಂದು ಅರಿವೆ ಅಂಗಡಿ ಸೇರಿದ ಅಪ್ಪ, ಹತ್ತೊಂಬತ್ತರ ಅಕ್ಕ, ನಾಲ್ಕನೇ ಇಯತ್ತೆಗೇ ಶಾಲೆಗೆ ಶರಣೆಂದ ತಂಗಿ ನಾನು.

ಒಮ್ಮೆ ಅಕ್ಕ ಮೊಳಕೆ ಬರಲೆಂದು ಅಪ್ಪನ ಶಲ್ಯದ ತುದಿಗೇ ನೆನೆಸಿದ ಹೆಸರುಕಾಳು ಕಟ್ಟಿಟ್ಟಳು. ಅವಸರದಲ್ಲಿ ಅಪ್ಪ ಅದನ್ನೇ ಹೆಗಲಿಗೇರಿಸಿ ಅಂಗಡಿಗೆ ಹೋದ. ಸಂಜೆ ಬಂದವನೇ ಕೂಗಿದ: "ನನ್ನ ಬೆನ್ನಿಗೆ ಮೊಳಕಿ ಬಂದಾವಲ್ಲೇ, ಖೋಡಿ!"

"ಹೊಟ್ಟ್ಯಾಗ ಹೋಗಿದ್ರ ಇನ್ನೂ ಚೊಲೊ ಇತ್ತಪ್ಪಾ."

ಆಮೇಲೆ ಹಗ್ಗ ಜಿಗಿಯುವ ಹುಚ್ಚು. ಇವಳು ಮೇಲೆ ಜಿಗಿದರೆ ಕೆಳಗಿನ ಮರಾಠಿ ಮಾವಶಿಯ ಹಿಟ್ಟಿನಲ್ಲಿ ಛತ್ತಿನ ಸುಣ್ಣ! ಮಾವಶಿ ಕಿರುಚಿದರೆ ಅಕ್ಕ ಕಠಡಾದ ಕಂಬಿ ಹಿಡಿದು ಕೆಳಗೆ ಬಗ್ಗಿ ಸಮಾಧಾನ ಹೇಳುತ್ತಿದ್ದಳು: "ಸುಣ್ಣಾ ಎಲುಬಿಗೆ ಭಾಳ ಚೊಲೊ, ಮಾವಶಿ!"

ನಳ ಇದ್ದದ್ದು ಕೆಳಗೆ ಅಂಗಳದಲ್ಲಿ. ಬೆಳಿಗ್ಗೆ ನನ್ನ ಪಾಲಿಗೆ ನಾಲ್ಕು ಕೊಡ, ಅವಳ ಪಾಲಿಗೆ ನಾಲ್ಕು. ಅವಳ ಕಾಲಿಗೆ ಬಲ ಬರಲಿ ಎಂಬ ಅಕ್ಕರೆಯಿಂದ ನನ್ನ ಪಾಲನ್ನೂ ಅವಳಿಗೇ ಬಿಟ್ಟುಕೊಡುತ್ತಿದ್ದೆ. ಎಂಥ ತಂಗಿ!

ಈಗ ನಗೆ ಸಾಕು. ಇಷ್ಟು ವರ್ಷ ಅವಳಿಗೂ ಹೇಳದ್ದನ್ನು ಹೇಳಬೇಕು.

ನಮ್ಮ ಕನ್ನಡದವರ ಸಂಘದಲ್ಲಿ ಹುಡುಗಿಯರ ಓಟವಿತ್ತು. ಅಪ್ಪ ಮಾತು ಕೊಟ್ಟಿದ್ದ: "ಮೊದಲ ನಂಬರ ಬಂದ್ರ ಸಾಲ್ಯಾಗ ವ್ಯಾಯಾಮ ಕಲಿಸೋ ಟೀಚರ ಆಗಾಕ ಓದಸ್ತೀನಿ. ಇಲ್ಲಾಂದ್ರ ಹುಬ್ಬಳ್ಳಿಯಿಂದ ಬಂದಿರೋ ವರಕ್ಕ ಹೂಂ ಅಂತೀನಿ."

ಆ ದಿನ ಬೆಳಿಗ್ಗೆ ಅಕ್ಕ ನನ್ನನ್ನು ಅಲುಗಿಸಿದಳು. "ಇವತ್ತೊಂದಿನ ನೀರು ನೀ ತಾರವಾ. ಕಾಲಿಗೆ ಆರಾಮ ಬೇಕು."

ನನಗೆ ನಿದ್ದೆ. "ಹೊಟ್ಟಿ ಭಾಳ ನೋಯಾಕತ್ತದ ಅಕ್ಕಾ" ಎಂದು ಕೌದಿಯೊಳಗೆ ಮುದುಡಿಕೊಂಡೆ. ಎಂಟೂ ಕೊಡ ಅವಳೇ ಹೊತ್ತಳು. ಎಂಟನೆಯದರ ಜೊತೆ ಒದ್ದೆ ಮೆಟ್ಟಿಲ ಮೇಲೆ ಜಾರಿದಳು. ಉಳುಕಿದ ಕಾಲಿಗೆ ಬಟ್ಟೆ ಸುತ್ತಿಕೊಂಡೇ ಓಡಲು ಹೋದಳು. ಅಪ್ಪ, ಅಕ್ಕ ಹೋದದ್ದೇ ತಡ, ನಾನೆದ್ದು ಕೆಳಗಿನಿಂದ ಎರಡು ಬಟಾಟೆ ವಡೆ ತಂದು ತಿಂದು ಮತ್ತೆ ಕೌದಿ ಸೇರಿದೆ!

ಸಂಜೆ ಅಪ್ಪನೇ ಮೊದಲು ಬಂದ. "ಕಡೀ ನಂಬರ" ಎಂದವನೇ ಹುಬ್ಬಳ್ಳಿಗೆ ಕಾಗದ ಬರೆಯಲು ಕೂತ. ಹಿಂದಿನಿಂದ ಗೋಡೆ ಹಿಡಿದುಕೊಂಡು ಅಕ್ಕ ಬಂದಳು. ಕಾಲು ಕುಂಬಳಕಾಯಿಯಾಗಿತ್ತು. ಕಾಗದದ ಕಡೆ ಒಮ್ಮೆ ನೋಡಿದಳು. ನನ್ನ ಹತ್ತಿರ ಬಂದು ಹಣೆ ಮುಟ್ಟಿದಳು.

"ಹೊಟ್ಟಿನೋವು ಕಡಿಮಿ ಆತೇನವಾ? ಏಳಬ್ಯಾಡ, ಮಲ್ಕೋ" ಎಂದು ಒಂಟಿ ಕಾಲಲ್ಲಿ ನಿಂತು, ನನಗಾಗಿ ಗಂಜಿಗೆ ಒಲೆ ಹಚ್ಚಿದಳು.